ತನಗೆ ಬಿಗಿ ನಿಯಮ, ಪರರಿಗೆ ತೆರೆದ ಕಿವಿ: ಸಂತ 23ನೇ ಜಾನ್



ಸಂತರ ಹಬ್ಬವನ್ನು ಧರ್ಮಸಭೆ ಸಾಮಾನ್ಯವಾಗಿ ಅವರು ಈ ಲೋಕವನ್ನು ಬಿಟ್ಟ ದಿನದಂದು ಆಚರಿಸುತ್ತದೆ. ಅದು ಅವರು ಸ್ವರ್ಗದಲ್ಲಿ ಹುಟ್ಟಿದ ದಿನವೆಂಬುದು ನಮ್ಮ ವಿಶ್ವಾಸ. ಸಂತ 23ನೇ ಜಾನ್ ಅವರು ತೀರಿಕೊಂಡದ್ದು 1963ರ ಜೂನ್ 3ರಂದು. ಆದರೆ ಅವರ ಹಬ್ಬ ಬರುವುದು ಅಕ್ಟೋಬರ್ 11ರಂದು. 1962ರಲ್ಲಿ ಅದೇ ದಿನ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಂಭವಾಯಿತು. ಒಬ್ಬ ಸಂತರನ್ನು ಅವರು ಕರೆದ ಸಭೆಯ ದಿನದಂದು ನೆನೆಯುವುದು ಅಪರೂಪ. ಅವರ ಬದುಕಿನ ಗುಟ್ಟು ಆ ದಿನಾಂಕದಲ್ಲೇ ಇದೆ ಎಂದು ನನಗನಿಸುತ್ತದೆ.

ಸಭೆ ಎಂದಾಗ ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಯ ಸಭೆಗಳನ್ನು ನೆನಪಿಸಿಕೊಳ್ಳಿ. ಇಬ್ಬರೋ ಮೂವರೋ ಮಾತನಾಡುತ್ತಾರೆ. ಉಳಿದವರು ಗೋಡೆಗೊರಗಿ ಕೂರುತ್ತಾರೆ. ಪ್ರಾರ್ಥನೆ ಹೇಳಿ, ಚಹಾ ಕುಡಿದು ಹೊರಗೆ ಬಂದ ಮೇಲೆ ಗೇಟಿನ ಬಳಿ ನಿಜವಾದ ಸಭೆ ಆರಂಭವಾಗುತ್ತದೆ! ಒಳಗೆ ಬಾಯಿ ಬಿಡದವರೆಲ್ಲ ಅಲ್ಲಿ ಮಾತನಾಡುತ್ತಾರೆ. ಮನೆಗಳಲ್ಲಿಯೂ ಹೀಗೆಯೇ. ಮಗಳು ಏನು ಓದಬೇಕು, ತೋಟ ಮಾರಬೇಕೇ ಬೇಡವೇ ಎಂಬುದನ್ನು ಒಬ್ಬರು ತೀರ್ಮಾನಿಸಿ ಉಳಿದವರಿಗೆ ತಿಳಿಸುತ್ತಾರೆ. ತತ್ವವುಳ್ಳ ಮನುಷ್ಯ ಎಂದರೆ ಯಾರ ಮಾತನ್ನೂ ಕೇಳದವನು, ಎಲ್ಲರ ಮಾತು ಕೇಳುವವನು ಬೆನ್ನೆಲುಬಿಲ್ಲದವನು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಷ್ಟು ತಪ್ಪೆಂದು ತಿಳಿಯಬೇಕಾದರೆ 23ನೇ ಜಾನ್ ಅವರ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ದಪ್ಪ ಶರೀರದ, ಸದಾ ನಗುಮುಖದ 'ಒಳ್ಳೆಯ ಪೋಪ್' ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲಿದೆ. ಚಿತ್ರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಆಂಜೆಲೊ ಜುಸೆಪ್ಪೆ ರೊಂಕಾಲ್ಲಿ ಹುಟ್ಟಿದ್ದು 1881ರ ನವೆಂಬರ್ 25ರಂದು, ಉತ್ತರ ಇಟಲಿಯ ಬೆರ್ಗಮೊ ಬಳಿಯ ಸೊತ್ತೊ ಇಲ್ ಮೊಂತೆ ಎಂಬ ಹಳ್ಳಿಯಲ್ಲಿ. ಹದಿಮೂರು ಮಕ್ಕಳಲ್ಲಿ ನಾಲ್ಕನೆಯವರು. ಅವರದು ಬೇರೆಯವರ ಹೊಲವನ್ನು ಪಾಲಿಗೆ ಉಳುವ ಬಡ ಕುಟುಂಬ. ಗುರುಮಠದಲ್ಲಿದ್ದಾಗ, 1895ರಲ್ಲಿ, ಇನ್ನೂ ಹದಿನಾಲ್ಕು ತುಂಬುವ ಹೊತ್ತಿಗೆ ಅವರು ಒಂದು ಪುಸ್ತಕದಲ್ಲಿ ತಮಗೆ ತಾವೇ ನಿಯಮಗಳನ್ನು ಬರೆದುಕೊಳ್ಳಲು ಆರಂಭಿಸಿದರು. ಪ್ರಾರ್ಥನೆ ಎಷ್ಟು ಹೊತ್ತಿಗೆ, ಧ್ಯಾನ ಎಷ್ಟು ಹೊತ್ತು, ಮಲಗುವ ಮುನ್ನ ಅಂತಃಕರಣ ಪರೀಕ್ಷೆ ಹೇಗೆ, ನಾಲಗೆಗೆ ಕಡಿವಾಣ ಹೇಗೆ ಎಂಬ ನಿಯಮಗಳು. ಅಂದು ತೆರೆದ ಪುಸ್ತಕವನ್ನು ಅವರು ಮುಚ್ಚಲೇ ಇಲ್ಲ. ಧರ್ಮಾಧ್ಯಕ್ಷರಾದಾಗಲೂ ಪೋಪ್ ಆದಾಗಲೂ ಬರೆಯುತ್ತಲೇ ಹೋದರು. ಅವರು ತೀರಿಕೊಂಡ ಮರುವರ್ಷ, 1964ರಲ್ಲಿ, ಅದು 'ಆತ್ಮದ ದಿನಚರಿ' ಎಂಬ ಅರ್ಥದ ಹೆಸರಿನಲ್ಲಿ ಪ್ರಕಟವಾಯಿತು. ಓದಿದವರಿಗೆ ಆಶ್ಚರ್ಯ! ನಗುವ ಅಜ್ಜನ ಒಳಗೆ ತನ್ನನ್ನು ತಾನೇ ದಿನವೂ ಪ್ರಶ್ನಿಸುತ್ತಿದ್ದ ಶಿಸ್ತಿನ ಸಿಪಾಯಿಯಿದ್ದ.

ಆ ದಿನಚರಿಯಲ್ಲಿ 1903ರ ಜನವರಿಯ ಒಂದು ಬರಹ ನನಗೆ ಬಹಳ ಮುಖ್ಯವೆನಿಸುತ್ತದೆ. ಆಗ ಅವರಿಗೆ 21 ವರ್ಷ. ಆವರೆಗೆ ಅವರು ಸಂತರ ಬದುಕನ್ನು ಅಕ್ಷರಶಃ ನಕಲು ಮಾಡಲು ಹೆಣಗುತ್ತಿದ್ದರು. ಸಂತ ಅಲೋಶಿಯಸ್ ಗೊನ್ಜಾಗರು ಹೀಗೆ ಮಾಡಿದರು, ತಾನೂ ಹೀಗೆಯೇ ಮಾಡಬೇಕು, ಆಗಲಿಲ್ಲವೆಂದರೆ ಕೊರಗು. ಒಂದು ದಿನ ಅವರಿಗೆ ಹೊಳೆಯಿತು: ಸಂತರ ಸದ್ಗುಣದ ತಿರುಳನ್ನು ತೆಗೆದುಕೊಳ್ಳಬೇಕೇ ಹೊರತು ಅದರ ಹೊರ ರೂಪವನ್ನಲ್ಲ. ತಾನು ಅಲೋಶಿಯಸ್ ಅಲ್ಲ, ತಾನು ಪವಿತ್ರನಾಗಬೇಕಾದದ್ದು ತನ್ನದೇ ಸ್ವಭಾವಕ್ಕೆ, ತನ್ನದೇ ಪರಿಸ್ಥಿತಿಗೆ ತಕ್ಕಂತೆ. ಈ ಬರಹದ ನಂತರವೂ ನಿಯಮಗಳು ಸಡಿಲವಾಗಲಿಲ್ಲ. ಆದರೆ ನಿಯಮ ಬೇರೆ, ಅಚ್ಚು ಬೇರೆ ಎಂಬುದು ಅವರಿಗೆ ಸ್ಪಷ್ಟವಾಯಿತು. ತನ್ನನ್ನೇ ಅಚ್ಚಿಗೆ ಹಾಕದವನು ಇತರರನ್ನು ಅಚ್ಚಿಗೆ ಹಾಕಲು ಹೋಗುವುದಿಲ್ಲ.

1904ರಲ್ಲಿ ರೋಮಿನಲ್ಲಿ ಗುರುದೀಕ್ಷೆ ಪಡೆದ ರೊಂಕಾಲ್ಲಿಯವರು ಮರುವರ್ಷ ಬೆರ್ಗಮೊದ ಧರ್ಮಾಧ್ಯಕ್ಷರಾದ ರಾದಿನಿ ತೆದೆಸ್ಕಿಯವರ ಕಾರ್ಯದರ್ಶಿಯಾದರು. 1909ರಲ್ಲಿ ರಾನಿಕಾ ಎಂಬಲ್ಲಿ ಜವಳಿ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದಾಗ ಧರ್ಮಾಧ್ಯಕ್ಷರು ಕೆಲಸಗಾರರ ಪರ ನಿಂತು ಹಣವನ್ನೂ ಕೊಟ್ಟರು. ದೊಡ್ಡವರಿಗೆ ಸಿಟ್ಟು ಬಂತು, ರೋಮಿಗೆ ದೂರು ಹೋಯಿತು. ಆಗ ಧರ್ಮಪ್ರಾಂತ್ಯದ ಪತ್ರಿಕೆಯ ಸಂಪಾದಕರಾಗಿದ್ದ ಯುವಗುರು ರೊಂಕಾಲ್ಲಿ ತಮ್ಮ ಧರ್ಮಾಧ್ಯಕ್ಷರ ನಿಲುವನ್ನು ಅದರಲ್ಲೇ ಸಮರ್ಥಿಸಿ ಬರೆದರು. (ಧರ್ಮಪ್ರಾಂತ್ಯದ ಪತ್ರಿಕೆಗಳನ್ನು ಯಾರೂ ಓದುವುದಿಲ್ಲ ಎಂದು ನಗುವವರು ಇದನ್ನು ಗಮನಿಸಬೇಕು!) ಮೊದಲ ಮಹಾಯುದ್ಧದಲ್ಲಿ ಅವರು ಸೈನ್ಯದ ವೈದ್ಯಕೀಯ ದಳದಲ್ಲಿ ಸಾರ್ಜೆಂಟ್ ಆಗಿ, ಬಳಿಕ ಸೈನಿಕರ ಗುರುವಾಗಿ ಗಾಯಾಳುಗಳ ನಡುವೆ ಇದ್ದರು.

1925ರಲ್ಲಿ ಅವರನ್ನು ಬಲ್ಗೇರಿಯಾಕ್ಕೆ ಕಳುಹಿಸಲಾಯಿತು. ಅಲ್ಲಿ ಬಹುಪಾಲು ಜನ ಆರ್ಥೊಡಾಕ್ಸ್ ಕ್ರೈಸ್ತರು, ಕಥೋಲಿಕರು ಬೆರಳೆಣಿಕೆಯಷ್ಟು. ರೋಮಿನ ದೃಷ್ಟಿಯಲ್ಲಿ ಅದೊಂದು ಮೂಲೆ. ಹತ್ತು ವರ್ಷ ಅವರು ಆ ಮೂಲೆಯಲ್ಲೇ ಇದ್ದರು. ಹಳ್ಳಿಹಳ್ಳಿಗೆ ಹೇಸರಗತ್ತೆಯ ಮೇಲೆ ಹೋದರು, ಬಲ್ಗೇರಿಯನ್ ಭಾಷೆ ಕಲಿತರು, 1928ರ ಭೂಕಂಪದಲ್ಲಿ ನಿರಾಶ್ರಿತರಾದವರ ನಡುವೆ ದುಡಿದರು. ತಮ್ಮ ನೋವಿಗೆ ಕಾರಣ ಬಲ್ಗೇರಿಯನ್ನರಲ್ಲ, ರೋಮಿನ ಕಚೇರಿಗಳೇ ಎಂದು ಅವರು 1926ರ ಧ್ಯಾನಕೂಟದಲ್ಲಿ ಬರೆದುಕೊಂಡಿದ್ದಾರೆ. ಬರೆದುಕೊಂಡರು, ಆದರೆ ವಿಧೇಯತೆ ಬಿಡಲಿಲ್ಲ. ಧರ್ಮಾಧ್ಯಕ್ಷರಾಗಿ ಅವರು ಆರಿಸಿಕೊಂಡ ಧ್ಯೇಯವಾಕ್ಯದ ಎರಡು ಪದಗಳು: ವಿಧೇಯತೆ ಮತ್ತು ಶಾಂತಿ.

ಅಲ್ಲಿ ನಡೆದ ಒಂದು ಘಟನೆಯನ್ನು ಹೇಳಲೇಬೇಕು. 1930ರ ಅಕ್ಟೋಬರ್‌ನಲ್ಲಿ ಬಲ್ಗೇರಿಯಾದ ದೊರೆ ಮೂರನೇ ಬೋರಿಸ್ ಇಟಲಿಯ ರಾಜಕುಮಾರಿ ಜೊವಾನ್ನಾರನ್ನು ಅಸಿಸಿಯಲ್ಲಿ ಕಥೋಲಿಕ ವಿಧಿಯಂತೆ ವಿವಾಹವಾದರು. ಬೇರೆ ಸಮಾರಂಭ ನಡೆಯದು ಎಂಬ ಮಾತಿತ್ತು. ಕೆಲವೇ ದಿನಗಳಲ್ಲಿ ಸೋಫಿಯಾದಲ್ಲಿ ಆರ್ಥೊಡಾಕ್ಸ್ ವಿಧಿಯೂ ನಡೆಯಿತು. ಕೊಟ್ಟ ಮಾತು ಮುರಿದಿತ್ತು, ರೊಂಕಾಲ್ಲಿಯವರಿಗೆ ಮುಖಭಂಗವಾಗಿತ್ತು. ಅವರು ತಮ್ಮ ಅಸಮ್ಮತಿಯನ್ನು ತಿಳಿಸಿದರು, ಆದರೆ ಬಾಗಿಲು ಮುಚ್ಚಲಿಲ್ಲ. 1943ರಲ್ಲಿ ಯೆಹೂದ್ಯರ ಪ್ರಾಣಕ್ಕೆ ಸಂಚಕಾರ ಬಂದಾಗ ಅದೇ ದೊರೆಗೆ ಅವರು ಪತ್ರ ಬರೆದು ಬೇಡಿಕೊಂಡರು. ಹದಿಮೂರು ವರ್ಷಗಳ ಹಿಂದಿನ ಅವಮಾನವನ್ನು ಮನಸ್ಸಿನಲ್ಲಿ ಸಾಕಿಕೊಂಡಿದ್ದರೆ ಆ ಪತ್ರ ಬರೆಯುವ ಕೈ ಏಳುತ್ತಿರಲಿಲ್ಲ.

ಆ ಪತ್ರ ಬರೆದಾಗ ಅವರು ಇಸ್ತಾಂಬುಲ್‌ನಲ್ಲಿದ್ದರು. 1935ರ ಆರಂಭದಿಂದ ಟರ್ಕಿ ಮತ್ತು ಗ್ರೀಸ್ ದೇಶಗಳಿಗೆ ಪೋಪ್ ಪ್ರತಿನಿಧಿ. ಯುದ್ಧಕಾಲದಲ್ಲಿ ಯೆಹೂದಿ ಸಂಘಟನೆಗಳ ಪ್ರತಿನಿಧಿಗಳು ಅವರ ಬಾಗಿಲಿಗೆ ಬರುತ್ತಿದ್ದರು. ಜರ್ಮನಿಯ ರಾಯಭಾರಿ ಫಾನ್ ಪಾಪೆನ್ ಕೂಡ ಬರುತ್ತಿದ್ದರು. ಇಬ್ಬರೊಡನೆಯೂ ಮಾತನಾಡಿ, ಬುಡಾಪೆಸ್ಟ್‌ವರೆಗೂ ಪತ್ರಗಳನ್ನು ಕಳುಹಿಸಿ, ಸಾಧ್ಯವಾದಷ್ಟು ಜೀವಗಳನ್ನು ಉಳಿಸಲು ಅವರು ಯತ್ನಿಸಿದರು.

ಅದಕ್ಕೂ ಮೊದಲು ಟರ್ಕಿಯಲ್ಲಿ ಅವರನ್ನು ಕಾಡಿದ್ದು ಭಾಷೆಯ ಪ್ರಶ್ನೆ. ಗುರುಗಳು ಬೀದಿಯಲ್ಲಿ ನಿಲುವಂಗಿ ಧರಿಸಬಾರದೆಂಬ ಕಾನೂನನ್ನು ಅಲ್ಲಿನ ಸರ್ಕಾರ 1935ರಲ್ಲಿ ಜಾರಿಗೆ ತಂದಿತು. ರೊಂಕಾಲ್ಲಿ ಗೊಣಗದೆ ಕೋಟು ಟೋಪಿ ಹಾಕಿಕೊಂಡು ಹೊರಟರು. ನಿಲುವಂಗಿ ಹೊರರೂಪ, ತಿರುಳಲ್ಲ. ಬಳಿಕ ದೇವಾಲಯದಲ್ಲಿ ಕೆಲವು ಪ್ರಾರ್ಥನೆಗಳನ್ನು ಟರ್ಕಿ ಭಾಷೆಯಲ್ಲಿ ಹೇಳಿಸಿದರು. ಯೂರೋಪಿನ ಮೂಲದ ಭಕ್ತರಲ್ಲಿ ಕೆಲವರು ಅಸಮಾಧಾನದಿಂದ ಎದ್ದು ಹೊರಗೆ ಹೋದರು. ದೇವಾಲಯದಲ್ಲಿ ಯಾವ ಭಾಷೆ ಎಂಬ ಪ್ರಶ್ನೆ ಎಂತಹ ಗಾಯ ಮಾಡಬಲ್ಲದು ಎಂಬುದನ್ನು ಕರ್ನಾಟಕದ ಕಥೋಲಿಕರಿಗೆ ಹೇಳಿಕೊಡಬೇಕಾಗಿಲ್ಲ. ರೊಂಕಾಲ್ಲಿ ಹೊರಗೆ ಹೋದವರನ್ನು ಬೈಯಲಿಲ್ಲ, ಟರ್ಕಿ ಭಾಷೆಯನ್ನು ನಿಲ್ಲಿಸಲೂ ಇಲ್ಲ.

1944ರ ಕೊನೆಯಲ್ಲಿ ಪ್ಯಾರಿಸ್‌ಗೆ ಪೋಪ್ ರಾಯಭಾರಿಯಾಗಿ, 1953ರಲ್ಲಿ ಕಾರ್ಡಿನಲ್ ಆಗಿ, ವೆನಿಸ್‌ನ ಪೇಟ್ರಿಯಾರ್ಕ್ ಆಗಿ ಸೇವೆ ಸಲ್ಲಿಸಿದರು. 1958ರ ಅಕ್ಟೋಬರ್ 28ರಂದು, ತಮ್ಮ 76ನೇ ವಯಸ್ಸಿನಲ್ಲಿ, ಪೋಪ್ ಆಗಿ ಚುನಾಯಿತರಾದರು. ಕೆಲವು ಕಾಲ ಪೀಠ ಬೆಚ್ಚಗಿಡಲು ಒಬ್ಬ ಮುದುಕ ಸಾಕು ಎಂಬುದು ಅನೇಕರ ಎಣಿಕೆಯಾಗಿತ್ತು. ಮೂರು ತಿಂಗಳು ತುಂಬುವ ಮೊದಲೇ, 1959ರ ಜನವರಿ 25ರಂದು, ರೋಮಿನ ಸಂತ ಪೌಲರ ಮಹಾದೇವಾಲಯದಲ್ಲಿ 17 ಮಂದಿ ಕಾರ್ಡಿನಲ್‌ಗಳ ಮುಂದೆ ಅವರು ಮಹಾಸಭೆಯ ಸುದ್ದಿ ಹೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೌನ!

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಹಾಸಭೆಯಲ್ಲಿ ಏನು ಚರ್ಚಿಸಬೇಕೆಂದು ಲೋಕದ ಧರ್ಮಾಧ್ಯಕ್ಷರನ್ನು ಕೇಳುವುದೆಂದು ನಿರ್ಧಾರವಾಯಿತು. ಮೊದಲು ಒಂದು ಪ್ರಶ್ನಾವಳಿ ಕಳುಹಿಸುವ ಯೋಚನೆಯಿತ್ತು. ಪ್ರಶ್ನಾವಳಿ ಎಂದರೆ ಪ್ರಶ್ನೆ ಕೇಳುವವನಿಗೆ ಬೇಕಾದ ಉತ್ತರ ಮಾತ್ರ ಬರುತ್ತದೆ. ಅದನ್ನು ಕೈಬಿಟ್ಟು, 1959ರ ಜೂನ್‌ನಲ್ಲಿ ಒಂದು ಪತ್ರ ಹೊರಟಿತು. ನಿಮ್ಮ ಮನಸ್ಸಿನಲ್ಲಿರುವುದನ್ನು ಮುಕ್ತವಾಗಿ ಬರೆಯಿರಿ ಎಂಬುದು ಅದರ ಸಾರಾಂಶ. ಸುಮಾರು ಎರಡು ಸಾವಿರ ಉತ್ತರಗಳು ಬಂದವು. ಎಲ್ಲವೂ ಮುತ್ತು ರತ್ನವಾಗಿರಲಿಲ್ಲ. ಹಲವರು ಸಣ್ಣಪುಟ್ಟ ಕಾನೂನು ತಿದ್ದುಪಡಿಗಳನ್ನಷ್ಟೇ ಕೇಳಿದರು. ಎಷ್ಟೋ ಕಾಲ ಯಾರೂ ಕೇಳದಿದ್ದವರಿಗೆ ಒಮ್ಮೆಲೇ ಹೇಳಿ ಎಂದರೆ ಏನು ಹೇಳಬೇಕೆಂದು ತೋಚುವುದಿಲ್ಲ. ನಮ್ಮ ಮನೆಯ ಮಕ್ಕಳೂ ಹಾಗೆಯೇ ಅಲ್ಲವೇ?

1960ರಲ್ಲಿ ಅವರು ಕ್ರೈಸ್ತ ಐಕ್ಯತೆಗಾಗಿ ಒಂದು ಕಾರ್ಯಾಲಯ ಸ್ಥಾಪಿಸಿ ಬೈಬಲ್ ವಿದ್ವಾಂಸರಾದ ಕಾರ್ಡಿನಲ್ ಬೆಯಾ ಅವರ ಕೈಗೆ ಕೊಟ್ಟರು. ಅದೇ ವರ್ಷ ಯೆಹೂದಿ ಇತಿಹಾಸಕಾರ ಜೂಲ್ಸ್ ಇಸಾಕ್ ಅವರನ್ನು ಬರಮಾಡಿಕೊಂಡು, ಕ್ರೈಸ್ತರ ಬೋಧನೆಯಲ್ಲಿ ಯೆಹೂದ್ಯರ ಬಗ್ಗೆ ಇದ್ದ ತಿರಸ್ಕಾರದ ಕುರಿತು ಅವರ ಮಾತು ಕೇಳಿದರು. ಡಿಸೆಂಬರ್‌ನಲ್ಲಿ ಕ್ಯಾಂಟರ್‌ಬರಿಯ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷರು ಬಂದರು. ಆಂಗ್ಲ ಧರ್ಮಸಭೆ ಬೇರ್ಪಟ್ಟ ನಂತರ ಇಂತಹ ಭೇಟಿ ಇದೇ ಮೊದಲು. ಆಫ್ರಿಕಾದ ಲೌರಿಯನ್ ರುಗಾಂಬ್ವಾ, ಜಪಾನಿನ ದೋಯಿ, ಫಿಲಿಪ್ಪೀನ್ಸ್‌ನ ಸಾಂತೋಸ್ ಅವರನ್ನು ಕಾರ್ಡಿನಲ್‌ಗಳನ್ನಾಗಿ ಮಾಡಿದ್ದೂ 1960ರಲ್ಲಿಯೇ.

1962ರ ಅಕ್ಟೋಬರ್ 11ರಂದು ಸುಮಾರು ಎರಡೂವರೆ ಸಾವಿರ ಧರ್ಮಾಧ್ಯಕ್ಷರು ಸಂತ ಪೇತ್ರರ ಮಹಾದೇವಾಲಯದಲ್ಲಿ ಸೇರಿದರು. ಆರಂಭದ ಭಾಷಣದಲ್ಲಿ ಪೋಪ್, ಎಲ್ಲೆಲ್ಲೂ ಕೇಡನ್ನೇ ಕಾಣುವವರೊಂದಿಗೆ ತಮಗೆ ಸಹಮತವಿಲ್ಲವೆಂದೂ, ಈ ಕಾಲಕ್ಕೆ ಬೇಕಾದದ್ದು ಕಠಿಣತೆಯ ಬದಲು ಕರುಣೆಯ ಮದ್ದೆಂದೂ ಹೇಳಿದರು. ನಂತರ ಸಭೆಯ ದೈನಂದಿನ ಚರ್ಚೆಗಳಲ್ಲಿ ಅವರು ಕೂರಲಿಲ್ಲ. ತಮ್ಮ ಕೋಣೆಯಲ್ಲಿ ಟಿವಿಯ ಮೂಲಕ ನೋಡುತ್ತಿದ್ದರು. ಪೋಪ್ ಎದುರಿಗಿದ್ದರೆ ಧರ್ಮಾಧ್ಯಕ್ಷರು ಮುಖ ನೋಡಿ ಮಾತನಾಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ನಾಯಕನ ಕೆಲಸದಲ್ಲಿ ಕೆಲವೊಮ್ಮೆ ಎದ್ದು ಹೊರಗೆ ಹೋಗುವುದೂ ಸೇರಿದೆ. ನಾವು ಸ್ವಾಮಿಗಳು ಇದನ್ನು ಅಷ್ಟಾಗಿ ಮಾಡುವುದಿಲ್ಲ.

ಮೊದಲ ಕಾರ್ಯಕಲಾಪದ ದಿನವೇ, ಅಕ್ಟೋಬರ್ 13ರಂದು, ಫ್ರಾನ್ಸಿನ ಕಾರ್ಡಿನಲ್ ಲಿಯೆನಾರ್ ಎದ್ದು ನಿಂತು, ಆಯೋಗಗಳ ಚುನಾವಣೆ ಇಂದೇ ಬೇಡ, ಮೊದಲು ನಾವು ಒಬ್ಬರನ್ನೊಬ್ಬರು ಅರಿತುಕೊಳ್ಳೋಣ ಎಂಬ ಸಲಹೆಯಿತ್ತರು. ಜರ್ಮನಿಯ ಫ್ರಿಂಗ್ಸ್ ಬೆಂಬಲಿಸಿದರು. ಚುನಾವಣೆ ಮುಂದಕ್ಕೆ ಹೋಯಿತು. ಕೆಲವು ದಿನಗಳ ಬಳಿಕ ಪೂರ್ವದ ಮೆಲ್ಕೈಟ್ ಪೇಟ್ರಿಯಾರ್ಕ್ ನಾಲ್ಕನೇ ಮಾಕ್ಸಿಮೋಸ್ ಲ್ಯಾಟಿನ್ ಬಿಟ್ಟು ಫ್ರೆಂಚ್‌ನಲ್ಲಿ ಮಾತನಾಡಿದರು. ಲ್ಯಾಟಿನ್ ಇಡೀ ಧರ್ಮಸಭೆಯ ಭಾಷೆಯಲ್ಲ, ಪೂರ್ವದವರಿಗೆ ಅದು ಎಂದೂ ತಮ್ಮದಾಗಿರಲಿಲ್ಲ ಎಂಬುದು ಅವರ ವಾದ. ಇದರಲ್ಲಿ ಒಂದು ತಮಾಷೆಯಿದೆ. ಅದೇ ವರ್ಷ ಫೆಬ್ರವರಿಯಲ್ಲಿ, ಗುರುಮಠಗಳಲ್ಲಿ ಲ್ಯಾಟಿನ್‌ನಲ್ಲೇ ಪಾಠ ನಡೆಯಬೇಕೆಂದು ಆದೇಶ ಹೊರಡಿಸಿದ್ದವರು ಸ್ವತಃ 23ನೇ ಜಾನ್! ಅವರೇನೂ ಎಲ್ಲ ವಿಷಯಗಳಲ್ಲೂ ಹೊಸತನದವರಾಗಿರಲಿಲ್ಲ. ಲ್ಯಾಟಿನ್ ಎಂದರೆ ಅವರಿಗೆ ಪ್ರೀತಿ. ಆದರೂ ಸಭೆ ಬೇರೆ ದಾರಿ ಹಿಡಿದಾಗ ತಮ್ಮ ಆದೇಶವನ್ನು ಮುಂದೆ ಮಾಡಲಿಲ್ಲ. ಆರಾಧನೆಯ ಕುರಿತ ಸಂವಿಧಾನವು ಅವರ ಮರಣಾನಂತರ, 1963ರ ಡಿಸೆಂಬರ್ 4ರಂದು, 2147 ಮತಗಳಿಂದ ಅಂಗೀಕಾರವಾಯಿತು. ವಿರೋಧವಾಗಿ ಬಿದ್ದವು ನಾಲ್ಕೇ ಮತ. ಇಂದು ನಮ್ಮ ಬಲಿಪೀಠಗಳಲ್ಲಿ ಕನ್ನಡ ಕೇಳಿಸುವುದಕ್ಕೆ ದಾರಿ ತೆರೆದದ್ದು ಆ ಮತದಾನ. 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಆರಂಭವಾದದ್ದೂ ಅದರ ಫಲವೇ.

ಇನ್ನು ನವೆಂಬರ್ 20. ದೇವರ ಪ್ರಕಟನೆಯ ಮೂಲಗಳ ಬಗ್ಗೆ ಕಾರ್ಡಿನಲ್ ಒತ್ತಾವಿಯಾನಿಯವರ ಆಯೋಗ ಸಿದ್ಧಪಡಿಸಿದ ಕರಡು ಸಭೆಯ ಮುಂದಿತ್ತು. ಒತ್ತಾವಿಯಾನಿ ರೋಮಿನ ಬಡ ಕೇರಿಯೊಂದರ ಬೇಕರಿ ಕೆಲಸಗಾರನ ಮಗ. ಕಣ್ಣು ಬಹುತೇಕ ಕಾಣದಂತಾಗಿತ್ತು. 'ಸದಾ ಅದೇ' ಎಂಬುದು ಅವರ ಧ್ಯೇಯವಾಕ್ಯ. ಅವರನ್ನು ಖಳನಾಯಕನಂತೆ ಚಿತ್ರಿಸುವ ಪುಸ್ತಕಗಳು ಬಹಳ ಇವೆ. ನನಗೆ ಅವು ಹಿಡಿಸುವುದಿಲ್ಲ. ತಮಗೆ ಒಪ್ಪಿಸಿದ ವಿಶ್ವಾಸನಿಧಿಯನ್ನು ಕಾಯುತ್ತಿದ್ದೇನೆ ಎಂದು ಪ್ರಾಮಾಣಿಕವಾಗಿ ನಂಬಿದ್ದ ಮನುಷ್ಯ ಅವರು. ಆದರೆ ಬಹಳ ಮಂದಿ ಧರ್ಮಾಧ್ಯಕ್ಷರಿಗೆ ಕರಡು ಒಪ್ಪಿಗೆಯಾಗಲಿಲ್ಲ. ಚರ್ಚೆಯನ್ನು ನಿಲ್ಲಿಸಬೇಕೇ ಎಂದು ಮತಕ್ಕೆ ಹಾಕಲಾಯಿತು. ಪ್ರಶ್ನೆ ಇಟ್ಟ ರೀತಿ ಹೇಗಿತ್ತೆಂದರೆ, ಕರಡನ್ನು ಬೇಡವೆನ್ನುವವರು 'ಹೌದು' ಎನ್ನಬೇಕಿತ್ತು, ಬೇಕೆನ್ನುವವರು 'ಇಲ್ಲ' ಎನ್ನಬೇಕಿತ್ತು. ನಿಲ್ಲಿಸಲು ಮೂರರಲ್ಲಿ ಎರಡು ಪಾಲು ಬೇಕಿತ್ತು. ನಿಲ್ಲಿಸಿ ಎಂದವರು 1368, ಬೇಡವೆಂದವರು 822. ನೂರು ಚಿಲ್ಲರೆ ಮತಗಳ ಕೊರತೆಯಿಂದ, ಬಹುಮತಕ್ಕೆ ಬೇಡವಾದ ಕರಡು ಉಳಿದುಕೊಂಡಿತು!

ಈಗ ಪೋಪ್ ಏನು ಮಾಡಬೇಕು? ನಿಯಮ ಎಂದರೆ ನಿಯಮ ಎಂದು ಕೈಕಟ್ಟಿ ಕೂರಬಹುದಿತ್ತು. ಬಹುಮತದ ಪರ ನಿಂತು ಒತ್ತಾವಿಯಾನಿಯವರನ್ನು ಬದಿಗೆ ಸರಿಸಬಹುದಿತ್ತು. ಅವರು ಎರಡನ್ನೂ ಮಾಡಲಿಲ್ಲ. ಮರುದಿನ ಕರಡನ್ನು ಹಿಂದಕ್ಕೆ ಪಡೆದು, ಹೊಸದಾಗಿ ಬರೆಯಲು ಒಂದು ಮಿಶ್ರ ಆಯೋಗ ರಚಿಸಿದರು. ಅದಕ್ಕೆ ಇಬ್ಬರು ಅಧ್ಯಕ್ಷರು: ಒಬ್ಬರು ಒತ್ತಾವಿಯಾನಿ, ಇನ್ನೊಬ್ಬರು ಬೆಯಾ. ಎದುರುಬದುರು ನಿಂತವರನ್ನು ಒಂದೇ ಮೇಜಿಗೆ ಕೂರಿಸಿದರು. ಕೆಲಸ ಸುಲಭವಾಗಲಿಲ್ಲ. ಮೂರು ವರ್ಷ ಹಿಡಿಯಿತು. ದೇವರ ವಾಕ್ಯದ ಕುರಿತ ಆ ಸಂವಿಧಾನ 1965ರ ನವೆಂಬರ್ 18ರಂದು ಅಂಗೀಕಾರವಾದಾಗ ಪರ 2344 ಮತ, ವಿರುದ್ಧ 6. ನೂರಾರು ಮತಗಳ ಬಿರುಕು ಆರಕ್ಕೆ ಇಳಿದಿತ್ತು.

ಹೊರಗೆ ಲೋಕವೇ ಹೊತ್ತಿ ಉರಿಯುವಂತಿತ್ತು. ಮಹಾಸಭೆ ಆರಂಭವಾದ ಎರಡೇ ವಾರಗಳಲ್ಲಿ ಕ್ಯೂಬಾದ ಅಣ್ವಸ್ತ್ರಗಳ ವಿಷಯದಲ್ಲಿ ಅಮೆರಿಕ ಮತ್ತು ಸೋವಿಯತ್ ರಷ್ಯಾ ಯುದ್ಧದ ಅಂಚಿಗೆ ಬಂದವು. ಅಕ್ಟೋಬರ್ 25ರಂದು ಪೋಪ್ ರೇಡಿಯೋದಲ್ಲಿ ಶಾಂತಿಗಾಗಿ ಮನವಿ ಮಾಡಿದರು. ಯಾವ ಪಕ್ಷವನ್ನೂ ದೂಷಿಸಲಿಲ್ಲ. ನಾಸ್ತಿಕ ಸರ್ಕಾರದ 'ಪ್ರಾವ್ದಾ' ಪತ್ರಿಕೆ ಮರುದಿನ ಅದನ್ನು ಮುದ್ರಿಸಿತು. 1963ರ ಮಾರ್ಚ್‌ನಲ್ಲಿ ಕ್ರುಶ್ಚೇವ್ ಅವರ ಮಗಳು ಅಳಿಯ ರೋಮಿಗೆ ಬಂದಾಗ ಪೋಪ್ ಅವರನ್ನೂ ಕಂಡರು. ಕಮ್ಯುನಿಸ್ಟರಿಗೆ ಬಾಗಿಲು ತೆರೆದರು ಎಂದು ಇಟಲಿಯಲ್ಲಿ ಟೀಕೆಗಳ ಸುರಿಮಳೆಯಾಯಿತು. ಏಪ್ರಿಲ್ 11ರಂದು ಹೊರಟ 'ಭುವಿಯಲ್ಲಿ ಶಾಂತಿ' ವಿಶ್ವಪತ್ರದಲ್ಲಿ ಇದಕ್ಕೆ ಉತ್ತರವಿದೆ. ತಪ್ಪು ಬೇರೆ, ತಪ್ಪುವ ಮನುಷ್ಯ ಬೇರೆ. ತಪ್ಪನ್ನು ಒಪ್ಪಬೇಕಾಗಿಲ್ಲ, ಆದರೆ ಮನುಷ್ಯ ತನ್ನ ಘನತೆಯನ್ನು ಎಂದೂ ಕಳೆದುಕೊಳ್ಳುವುದಿಲ್ಲ. ಆ ಪತ್ರವನ್ನು ಅವರು ಕಥೋಲಿಕರಿಗೆ ಮಾತ್ರವಲ್ಲದೆ ಸನ್ಮನಸ್ಸಿನ ಎಲ್ಲ ಜನರಿಗೂ ಬರೆದರು.

ಎಲ್ಲರ ಮಾತನ್ನೂ ಅವರು ಕೇಳಿದರು ಎಂದರೆ ಅತಿಶಯೋಕ್ತಿಯಾದೀತು. ಮೊದಲ ಅಧಿವೇಶನದಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. 1964ರಲ್ಲಿ, ಆರನೇ ಪೌಲರ ಕಾಲದಲ್ಲಿ ಮಾತ್ರ ಮಹಿಳೆಯರು ಆಲಿಸುವವರಾಗಿ ಒಳಗೆ ಬಂದರು. ಮಹಿಳೆಯರು ಮತ ಹಾಕಿದ ರೋಮಿನ ಮೊದಲ ಸಿನೋಡ್ ಅಧಿವೇಶನಕ್ಕೆ 2023ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಫ್ರಾನ್ಸಿನಲ್ಲಿ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಕಾರ್ಮಿಕ ಗುರುಗಳ ಪ್ರಯೋಗವನ್ನು 1959ರಲ್ಲಿ ನಿಲ್ಲಿಸಿದ್ದೂ 23ನೇ ಜಾನ್ ಅವರ ಆಡಳಿತವೇ. ಸಂತರ ಚರಿತ್ರೆ ಬರೆಯುವಾಗ ಇವನ್ನು ಮರೆಮಾಚಿದರೆ ಅವರಿಗೆ ಗೌರವ ಕೊಟ್ಟಂತಾಗುವುದಿಲ್ಲ.

ಮಹಾಸಭೆ ಆರಂಭವಾಗುವ ಕೆಲವೇ ವಾರಗಳ ಮೊದಲು, ಹೊಟ್ಟೆಯಲ್ಲಿ ಕ್ಯಾನ್ಸರ್ ಇರುವುದು ವೈದ್ಯರಿಗೆ ತಿಳಿದಿತ್ತು. ಆರಂಭಿಸಿದ್ದನ್ನು ತಾವು ಮುಗಿಸಲಾರೆವೆಂಬ ಅರಿವಿನಲ್ಲೇ ಅವರು ಆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳನ್ನು ಕಳೆದರು. ಫಲ ಕಾಣುವ ಆತುರವಿಲ್ಲದವನಿಗೆ ಇತರರ ಮಾತು ಕೇಳಲು ಸಮಯವಿರುತ್ತದೇನೋ.

ಅವರ ಒಂದು ನಿಯಮ ಮಾತ್ರ ಕೊನೆಯವರೆಗೂ ಕದಲಲಿಲ್ಲ. ತಮ್ಮ ಪದವಿಯಿಂದ ತಮ್ಮ ಕುಟುಂಬ ಶ್ರೀಮಂತವಾಗಬಾರದು. ಹಿಂದಿನ ಕೆಲವು ಪೋಪರ ಬಂಧುಗಳು ಪಡೆದ ಬಿರುದು ಬಾವಲಿಗಳ ಚರಿತ್ರೆ ಅವರಿಗೆ ಚೆನ್ನಾಗಿ ಗೊತ್ತಿತ್ತು. 1961ರ ಡಿಸೆಂಬರ್‌ನಲ್ಲಿ ತಮ್ಮ ಸೋದರ ಸವೇರಿಯೊ ಅವರಿಗೆ ಬರೆದ ಪತ್ರದಲ್ಲಿ, ನಮ್ಮ ಮನೆಯವರು ಬಡವರಾಗಿ, ದುಡಿಯುವವರಾಗಿ ಉಳಿದದ್ದೇ ನನಗೆ ಮರ್ಯಾದೆ ಎಂಬ ಅರ್ಥದ ಮಾತುಗಳಿವೆ. 1963ರ ಮೇ ಕೊನೆಯಲ್ಲಿ ಸ್ಥಿತಿ ಗಂಭೀರವಾದಾಗ ಸೋದರರಾದ ಸವೇರಿಯೊ, ಅಲ್ಫ್ರೇದೊ, ಜುಸೆಪ್ಪೆ ಮತ್ತು ಸೋದರಿ ಅಸ್ಸುಂತಾ ಸೊತ್ತೊ ಇಲ್ ಮೊಂತೆಯಿಂದ ರೋಮಿಗೆ ಬಂದು ಹಾಸಿಗೆಯ ಬಳಿ ನಿಂತರು. ಜೂನ್ 3ರ ಸಂಜೆ, ಕೆಳಗೆ ಚೌಕದಲ್ಲಿ ತೆರೆದ ಬಯಲಲ್ಲಿ ಅವರಿಗಾಗಿ ಅರ್ಪಿಸುತ್ತಿದ್ದ ಬಲಿಪೂಜೆ ಮುಗಿಯುವ ಹೊತ್ತಿಗೆ, ಮೇಲಿನ ಕೋಣೆಯಲ್ಲಿ ಅವರ ಉಸಿರು ನಿಂತಿತು. ಬಂಧುಗಳು ಅಂತ್ಯಕ್ರಿಯೆ ಮುಗಿಸಿ ತಮ್ಮ ಹಳ್ಳಿಗೆ, ತಮ್ಮ ಹೊಲಕ್ಕೆ ಮರಳಿದರು.